ಎದುರಂಗಡಿಯ ಜಾಹೀರಾತಿಲ್ಲದ ಫೋನು

ಅದು ೨೦೨೩ರ ಬೇಸಿಗೆ. ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಆಗ ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಅದೇ ಜಾಗದಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದೆ. ಹೆಸರು ರುದ್ರೇಶ, ಊರಿಗೆಲ್ಲ ರುದ್ರೇಶಣ್ಣ. ಈಗ ಕಣ್ಣು ಸೂಕ್ಷ್ಮ ಕೆಲಸಕ್ಕೆ ಒಗ್ಗುವುದಿಲ್ಲವೆಂದು ಅಂಗಡಿ ಬಿಟ್ಟಿದ್ದೇನೆ. ಸಾವಿರಾರು ಫೋನುಗಳ ಹೊಟ್ಟೆ ಬಿಚ್ಚಿದವನು ನಾನು. ಆದರೆ ನನ್ನ ಹೊಟ್ಟೆಯೊಳಗೆ ಏನಿದೆ ಎಂದು ತೋರಿಸಿದ ಕೇಸು ಒಂದೇ ಒಂದು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಸ್ಮಾರ್ಟ್‌ಫೋನ್ ಬಂದ ಹೊಸತರಲ್ಲಿ ಜನ ಫೋನ್ ಕೊಂಡವರೇ ಡಬ್ಬಿ ಸಮೇತ ತಂದು ನಮ್ಮ ಕೈಗೆ ಕೊಟ್ಟು, "ಎಲ್ಲಾ ಹಾಕ್ಕೊಡಣ್ಣ" ಅನ್ನುತ್ತಿದ್ದರು. ಎಲ್ಲಾ ಅಂದರೆ ಇಮೇಲ್ ವಿಳಾಸ, ಸಾಮಾಜಿಕ ಜಾಲತಾಣದ ಖಾತೆ, ಹಾಡು, ದೇವರ ಫೋಟೊ. ಪಾಸ್‌ವರ್ಡನ್ನೂ ನಾವೇ ಇಡುತ್ತಿದ್ದೆವು: ಗಿರಾಕಿಯ ಹೆಸರು, ಅದರ ಮುಂದೆ ಒಂದು ಎರಡು ಮೂರು. ಪಾಸ್‌ವರ್ಡ್ ಮರೆತರೆ ಕೋಡ್ ಕಳಿಸಲು ಒಂದು ನಂಬರ್ ಕೇಳುತ್ತದಲ್ಲ, ಅಲ್ಲಿಗೆ ನಮ್ಮ ಅಂಗಡಿಯ ನಂಬರನ್ನೇ ಕೊಡುತ್ತಿದ್ದೆವು. ಏಕೆಂದರೆ ಗಿರಾಕಿಗಳು ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುತ್ತಿದ್ದರು. ಇದನ್ನೆಲ್ಲ ನಾನು ಕೆಂಪು ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಬರೆದಿಡುತ್ತಿದ್ದೆ. ಅರ್ಧ ತಾಲ್ಲೂಕಿನ ಬೀಗದ ಕೈ ನನ್ನ ಡ್ರಾಯರಿನಲ್ಲಿದೆ ಎಂದು ಒಳಗೊಳಗೇ ಜಂಬವಿತ್ತು.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ನನ್ನ ಎದುರಿಗೇ ಜಬೀನಾ ಅಂಗಡಿ ಹಾಕಿದಳು. ಅವಳ ತಂದೆ ಅದೇ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವಳು ಚಿಕ್ಕಂದಿನಲ್ಲಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹೋಂವರ್ಕ್ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ನನ್ನನ್ನು ಮಾಮ ಎಂದೇ ಕರೆಯುತ್ತಿದ್ದಳು. ಪಾಪ, ಹೆಣ್ಣುಮಗಳು ನಾಲ್ಕು ದಿನ ಇದ್ದು ಬಾಗಿಲು ಹಾಕುತ್ತಾಳೆ ಅಂದುಕೊಂಡೆ. ಎರಡೇ ತಿಂಗಳಲ್ಲಿ ಅವಳ ಅಂಗಡಿ ಮುಂದೆ ಬೈಕು ನಿಲ್ಲಿಸಲು ಜಾಗವಿರಲಿಲ್ಲ.

ಅವಳಲ್ಲಿಗೆ ಜನ ಮುಗಿಬೀಳಲು ಒಂದು ಕಾರಣವಿತ್ತು. "ಜಬೀನಾ ಕೈಗೆ ಕೊಟ್ರೆ ಫೋನ್ನಾಗೆ ಜಾಹೀರಾತೇ ಬರಲ್ಲ" ಎಂಬ ಮಾತು ಸಂತೆಯಲ್ಲೆಲ್ಲ ಹಬ್ಬಿತ್ತು. ಜಾಹೀರಾತು ತಡೆಯುವ ಉಪಾಯಕ್ಕೆ ನಮ್ಮಲ್ಲಿ ಆ್ಯಡ್ ಬ್ಲಾಕರ್ ಅನ್ನುತ್ತೇವೆ. ಅದು ಇದೆಯೆಂದು ನನಗೂ ಗೊತ್ತಿತ್ತು. ಆದರೆ ಅವಳು ಯಾವುದನ್ನು ಹಾಕುತ್ತಾಳೆಂದು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಮೂವತ್ತು ವರ್ಷ ಸಾಲ್ಡರಿಂಗ್ ಹೊಗೆ ಕುಡಿದವನು, ಮೊನ್ನೆ ಮೊನ್ನೆ ಮೆಟ್ಟಿಲ ಮೇಲೆ ಮಗ್ಗಿ ಬರೆಯುತ್ತಿದ್ದವಳನ್ನು ಕೇಳುವುದೇ? ಕೇಳಲಿಲ್ಲ. ಬದಲಿಗೆ ದಿನವೂ ಅವಳ ಅಂಗಡಿ ಮುಂದಿನ ಬೈಕುಗಳನ್ನು ಎಣಿಸುತ್ತಿದ್ದೆ. ಒಂದು ದಿನ ಹದಿನಾಲ್ಕು ಬೈಕುಗಳಿದ್ದವು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ನಿಜವಾಗಿ ಹೊಟ್ಟೆಗೆ ಬೆಂಕಿ ಬಿದ್ದದ್ದು ನನ್ನ ಮನೆಯಲ್ಲೇ. ಒಂದು ಸಂಜೆ ಹೆಂಡತಿ ಸರ್ವಮಂಗಳ ಫೋನಿನಲ್ಲಿ ಅಡುಗೆ ವಿಡಿಯೊ ನೋಡುತ್ತಿದ್ದಳು. ಅರ್ಧ ಗಂಟೆಯಾದರೂ ಒಂದು ಜಾಹೀರಾತೂ ಬರಲಿಲ್ಲ. "ಯಾರು ಹಾಕ್ಕೊಟ್ರೇ?" ಅಂದೆ.

"ಇನ್ಯಾರು, ಜಬೀನಾ. ನಿಮಗೆ ಮೂರು ಸಲ ಹೇಳ್ದೆ, ನಾಳೆ ನೋಡಾಣ ಅಂದ್ರಿ. ಅವಳು ಎರಡೇ ನಿಮಿಷದಾಗೆ ಮಾಡ್ಕೊಟ್ಳು. ಹಿತ್ತಲ ಗಿಡ ಮದ್ದಲ್ಲ ಬಿಡ್ರಿ" ಎಂದು ನಕ್ಕಳು.

ಅವಳು ಮಲಗಿದ ಮೇಲೆ ಫೋನ್ ತೆಗೆದು ಹುಡುಕಿದೆ. ಹೊಸ ಆ್ಯಪ್ ಯಾವುದೂ ಇಲ್ಲ. ಬಚ್ಚಿಟ್ಟಿದ್ದಾಳೆ, ಕಿಲಾಡಿ, ಅಂದುಕೊಂಡೆ. ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಬಹುದಿತ್ತು. ಆದರೆ ಅವಳು ಮಾಡಿದ್ದು ಅಷ್ಟು ಸರಳವಿರಲು ಸಾಧ್ಯವೆಂದು ನನ್ನ ಮನಸ್ಸು ಒಪ್ಪಲಿಲ್ಲ.

ಇಂಟರ್‌ನೆಟ್ಟಿನಲ್ಲಿ ನಾನೂ ತಡಕಾಡಿದೆ. ಥರ್ಡ್ ಪಾರ್ಟಿ ಆ್ಯಪ್ ಎಂಬುದೊಂದಿದೆ. ಜಾಲತಾಣದ ಕಂಪನಿ ಮಾಡಿದ್ದಲ್ಲ, ಹೊರಗಿನ ಯಾರೋ ಮಾಡಿದ ಆ್ಯಪ್. ಅದರಲ್ಲೂ ಅದೇ ಪೋಸ್ಟು, ಅದೇ ವಿಡಿಯೊ ಕಾಣುತ್ತವೆ, ಜಾಹೀರಾತು ಮಾತ್ರ ಇರುವುದಿಲ್ಲ. ನಂಬಿಕಸ್ತರು ಮಾಡಿದವೂ ಇವೆ, ಕಳ್ಳರು ಮಾಡಿದವೂ ಇವೆ. ನನಗೆ ಸಿಕ್ಕಿದ್ದು ಯಾವುದೋ ಹೆಸರಿಲ್ಲದ ವೆಬ್‌ಸೈಟಿನಲ್ಲಿತ್ತು. ನನ್ನ ಫೋನಿಗೆ ಹಾಕಿ, ಲಾಗಿನ್ ಆಗದೆಯೇ ಒಂದು ದಿನ ನೋಡಿದೆ. ಒಂದೂ ಜಾಹೀರಾತಿಲ್ಲ! ಮಾರನೆಯ ದಿನವೇ "ಜಾಹೀರಾತಿಲ್ಲದ ಫೋನ್ ಇಲ್ಲೇ ಮಾಡಿಕೊಡಲಾಗುವುದು" ಎಂದು ಬೋರ್ಡು ಬರೆಸಿ, ಎದುರಂಗಡಿಯ ಕಡೆಗೇ ಮುಖ ಮಾಡಿ ನೇತು ಹಾಕಿದೆ.

ಒಂದು ಗುರುವಾರ ಜಬೀನಾ ಹೊಳಲ್ಕೆರೆಗೆ ಮದುವೆಗೆ ಹೋಗಿದ್ದಳು, ಬಾಗಿಲು ಹಾಕಿತ್ತು. ಅವಳ ಬಾಗಿಲ ಮುಂದೆ ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬರು ನಿಂತಿದ್ದರು. ಗುರುತು ಹಿಡಿದೆ, ಶ್ರೀರಾಂಪುರದ ಕಡೆಯ ಕುರಿಗಾಹಿ ಬೀರಪ್ಪ. ಆರು ವರ್ಷದ ಹಿಂದೆ ಅವರಿಗೆ ಜಾಲತಾಣದಲ್ಲಿ ಖಾತೆ ಮಾಡಿಕೊಟ್ಟವನು ನಾನೇ. ಈಗ ಅವರ ಪೇಜಿಗೆ ನಲವತ್ತು ಸಾವಿರ ಜನ! ಇದ್ಯಾವ ಮಾಯೆ ಎಂದು ನಾನೇ ಬೆರಗಾಗಿದ್ದೆ.

ಅದರ ಗುಟ್ಟು ಹೀಗಿತ್ತು. ನಮ್ಮ ಕಡೆ ರೈತರು ಹೊಲದಲ್ಲಿ, ತೆಂಗಿನ ತೋಟದಲ್ಲಿ ಕುರಿ ಮಂದೆ ತರುಬಿಸುತ್ತಾರೆ. ಮಂದೆ ನಾಲ್ಕು ರಾತ್ರಿ ತಂಗಿದರೆ ನೆಲಕ್ಕೆ ಗೊಬ್ಬರವಾಗುತ್ತದೆ, ಕುರಿಗೆ ಮೇವು, ನೀರು ಸಿಗುತ್ತವೆ. ಬೀರಪ್ಪ ಪ್ರತಿ ಬೆಳಿಗ್ಗೆ ಮಂದೆ ಎಲ್ಲಿದೆ ಎಂದು ವಿಡಿಯೊ ಹಾಕುತ್ತಿದ್ದರು. ಬೇಕಾದವರು ಅಲ್ಲೇ ಮೆಸೇಜು ಮಾಡಿ ತಮ್ಮ ತೋಟಕ್ಕೆ ಕರೆಯುತ್ತಿದ್ದರು. ನೂರ ಅರವತ್ತು ಕುರಿಯ ದಾರಿಯೆಲ್ಲ ಆ ಪೇಜಿನಿಂದಲೇ ತೀರ್ಮಾನವಾಗುತ್ತಿತ್ತು.

"ಏನು ಬೀರಪ್ಪ, ಅಲ್ಲಿ ಯಾಕ್ ನಿಂತ್ರಿ? ಬರ್ರಿ, ಕುಂತ್ಕಳ್ರಿ" ಅಂದೆ.

"ಆಯಮ್ಮ ಹೋದ ತಿಂಗ್ಳು ಗಾಜು ಹಾಕ್ಕೊಟ್ಟಿದ್ಳಣ್ಣ. ಜಾಹೀರಾತು ತೆಗೀತಾಳಂತೆ ಅಂತ ಬಂದೆ. ದಿನದ ಡೇಟಾ ಹೊತ್ತು ನೆತ್ತಿಗೆ ಬರೋದ್ರಾಗೆ ಖಾಲಿ. ಯಾವನೋ ಪೇಂಟು ಮಾರ್ತಾನೆ, ಯಾವಳೋ ಸೋಪು ಮಾರ್ತಾಳೆ. ರೈತರು ಮೆಸೇಜು ಮಾಡಿದ್ರೆ ನಂಗೆ ಮುಟ್ಟೋದೇ ಮಾರನೇ ದಿನ."

"ಅದಕ್ಕೆ ಅವಳೇ ಯಾಕೆ? ಅವಳಿಗಿಂತ ಒಳ್ಳೇದು ನನ್ನತ್ರ ಐತೆ" ಅಂದೆ.

ಅವರ ಫೋನಿಗೆ ಆ ಆ್ಯಪ್ ಹಾಕಿದೆ. ಲಾಗಿನ್ ಕೇಳಿತು. ಕೆಂಪು ನೋಟ್‌ಬುಕ್ ತೆಗೆದು ಅವರ ಹಾಳೆ ನೋಡಿ ಪಾಸ್‌ವರ್ಡನ್ನು ನಾನೇ ಒತ್ತಿದೆ. ಪೇಜು ತೆರೆಯಿತು, ಜಾಹೀರಾತು ಇರಲಿಲ್ಲ. ಬೀರಪ್ಪ ಕೈ ಮುಗಿದು ಹೊರಟರು. ಎದುರಂಗಡಿಯ ಗಿರಾಕಿಯೊಬ್ಬರನ್ನು ನಾನು ಹಿಡಿದೆ ಎಂದು ಆ ದಿನವೆಲ್ಲ ಗೆಲುವಾಗಿದ್ದೆ.

ಶನಿವಾರ ಬೆಳಿಗ್ಗೆ ಬೀರಪ್ಪ ಮತ್ತೆ ಬಂದರು. ಮುಖ ಕಪ್ಪಿಟ್ಟಿತ್ತು. ಅವರ ಪೇಜಿನ ಹೆಸರೇ ಬದಲಾಗಿ, ಕುರಿ ವಿಡಿಯೊ ಇರಬೇಕಾದಲ್ಲೆಲ್ಲ ಜೂಜಾಟದ ಜಾಹೀರಾತುಗಳು ತುಂಬಿದ್ದವು. ಪಾಸ್‌ವರ್ಡ್ ಹಾಕಿದರೆ ತಪ್ಪು ಎನ್ನುತ್ತಿತ್ತು.

"ತೋಟದ ಯಜಮಾನ್ರು ಕೇಳ್ತಾರಣ್ಣ, ಏನಪ್ಪ ಬೀರಪ್ಪ, ಇಸ್ಪೀಟು ಆಡ್ಸಾಕೆ ಸುರು ಮಾಡಿದ್ಯಾ ಅಂತ. ಬುಧವಾರಕ್ಕೆ ಅವರ ತೋಟ ಬಿಡಬೇಕು. ಮುಂದ್ಲ ತೋಟ ಯಾವ್ದು ಅಂತ ಗೊತ್ತಿಲ್ಲ. ಯಾರ ನಂಬ್ರೂ ಬರ್ಕೊಂಡಿಲ್ಲ, ಎಲ್ಲಾ ಮೆಸೇಜಿನಾಗೇ ಐತೆ. ಈ ಬಿಸ್ಲಾಗೆ ನೂರರವತ್ತು ಜೀವ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ?"

ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ನಾನು ಒತ್ತಿದ ಪಾಸ್‌ವರ್ಡನ್ನು ಆ ಆ್ಯಪ್ ಎತ್ತಿಕೊಂಡು ತನ್ನ ಯಜಮಾನನಿಗೆ ಕೊಟ್ಟಿತ್ತು. ಅದನ್ನು ಹೇಳಲು ಬಾಯಿ ತೆರೆದೆ, ಬಂದ ಮಾತೇ ಬೇರೆ.

"ಹೋದ ತಿಂಗ್ಳು ಗಾಜು ಹಾಕ್ದಾಗ ನಿಮ್ ಫೋನು ಎಷ್ಟು ದಿನ ಅವಳತ್ರ ಇತ್ತು ಬೀರಪ್ಪ?"

"ಎರಡು ದಿನ."

"ಹಂಗಾದ್ರೆ ನಾನೇನ್ ಹೇಳ್ಲಿ" ಅಂದೆ. ಅಷ್ಟೇ ಅಂದದ್ದು. ಅಷ್ಟೇ ಸಾಕಾಯಿತು.

ಬೀರಪ್ಪ ಕಂಬಳಿ ಹೆಗಲಿಗೆಸೆದು ರಸ್ತೆ ದಾಟಿದರು. ಮರಿ ಕಳೆದುಕೊಂಡವರ ದನಿಯಲ್ಲಿ ಕೂಗಾಡಿದರು. "ನಂಬಿ ಕೊಟ್ರೆ ಹಿಂಗಾ ಮಾಡೋದು? ನಮ್ಮ ಹೊಟ್ಟೆ ಮ್ಯಾಲೆ ಹೊಡೀತಿಯಲ್ಲಮ್ಮ!" ಜಬೀನಾ ಅಂಗಡಿಯಲ್ಲಿ ಐದಾರು ಹೆಂಗಸರಿದ್ದರು. ಒಬ್ಬೊಬ್ಬರೇ ತಮ್ಮ ಫೋನ್ ವಾಪಸು ತೆಗೆದುಕೊಂಡು ಇಳಿದು ಹೋದರು. ನಾನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆಗ ಹೊಟ್ಟೆ ತಣ್ಣಗಾಗಿತ್ತು.

ಮಧ್ಯಾಹ್ನ ಜಬೀನಾ ಬೀರಪ್ಪನ ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಬೀರಪ್ಪ ಅವಳ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಅವಳು ಜಗಳಕ್ಕೇ ಬಂದಳೆಂದು ನಾನೂ ಸಿದ್ಧನಾದೆ. ಅವಳು ಸ್ಟೂಲು ಎಳೆದುಕೊಂಡು ಕುಳಿತಳು.

"ಮಾಮ, ಇದು ಗುರುವಾರ ಹಾಕಿರೋ ಆ್ಯಪು. ನಾನು ಗುರುವಾರ ಊರಲ್ಲೇ ಇರ್ಲಿಲ್ಲ. ಎಲ್ಲಿಂದ ಇಳಿಸಿದ್ರಿ ಅಂತ ಹೇಳ್ರಿ ಸಾಕು. ಪೇಜು ವಾಪಸ್ ತರಾಕೆ ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ನನ್ನದು. ತಡವರಿಸುತ್ತ ಹೇಳಿದೆ. "ಮತ್ತೆ ನೀನು ಹಾಕೋದು ಯಾವ ಆ್ಯಪು?" ಎಂದು ಕೊನೆಗೂ ಕೇಳಿದೆ. ಆ ಸ್ಥಿತಿಯಲ್ಲೂ ನನಗೆ ಅದೇ ಬೇಕಾಗಿತ್ತು ನೋಡಿ!

"ಆ್ಯಪ್ಪೇ ಹಾಕಲ್ಲ ಮಾಮ. ಸೆಟ್ಟಿಂಗಿನಾಗೆ ಪ್ರೈವೇಟ್ ಡಿಎನ್ಎಸ್ ಅಂತ ಐತಲ್ಲ, ಅಲ್ಲಿ ಜಾಹೀರಾತು ತಡೆಯೋ ಒಂದು ಅಡ್ರೆಸ್ ಬರೀತೀನಿ. ಜಾಲತಾಣನ, ವಿಡಿಯೊನ ಅವುಗಳ ಆ್ಯಪಿನಾಗೆ ನೋಡಬ್ಯಾಡ್ರಿ, ಫೋನಿನಾಗೆ ಮೊದ್ಲೇ ಇರೋ ಬ್ರೌಸರಿನಾಗೆ ಆ್ಯಡ್ ಬ್ಲಾಕರ್ ಆನ್ ಮಾಡ್ಕೊಂಡು ನೋಡ್ರಿ ಅಂತೀನಿ. ಪಾಸ್‌ವರ್ಡು ಕೇಳಿದ್ರೆ ಫೋನು ಅವರ ಕೈಗೇ ಕೊಟ್ಟು ಆ ಕಡೆ ತಿರುಗ್ತೀನಿ."

ಡಿಎನ್ಎಸ್ ಎಂದರೆ ಫೋನಿಗೆ ಇಂಟರ್‌ನೆಟ್ಟಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಜಾಹೀರಾತಿನ ವಿಳಾಸವನ್ನು ಅಲ್ಲೇ ಹುಡುಕಿಕೊಡದಿದ್ದರೆ ಬಹುಪಾಲು ಜಾಹೀರಾತು ಬರುವುದೇ ಇಲ್ಲ. ಎರಡು ನಿಮಿಷದ ಕೆಲಸ. ಅದಕ್ಕಿಂತ ನನಗೆ ಚುಚ್ಚಿದ್ದು ಆ ಕಡೆ ತಿರುಗುತ್ತೇನೆ ಎಂದಳಲ್ಲ, ಆ ಮಾತು. ಹೆಂಗಸರು ಅವಳ ಅಂಗಡಿಗೆ ಏಕೆ ಹೋಗುತ್ತಾರೆಂದು ಆಗ ತಿಳಿಯಿತು. ತಿಳಿದ ಮೇಲೆ ಹೊಟ್ಟೆಯುರಿ ಕಡಿಮೆಯಾಯಿತು ಅಂದುಕೊಳ್ಳಬೇಡಿ, ಹೆಚ್ಚಾಯಿತು.

"ಬೀರಪ್ಪನಿಗೆ ನಾನು ಹೇಳಲ್ಲ, ನೀವೇ ಹೇಳ್ರಿ" ಅಂದಳು. "ಹೇಳ್ದಿದ್ರೂ ಕೆಲಸ ಮಾಡ್ತೀನಿ. ಕುರಿ ಏನ್ ತಪ್ಪು ಮಾಡ್ಯಾವೆ?"

ಖಾತೆ ವಾಪಸು ಪಡೆಯಲು ಕೋಡ್ ಬರಬೇಕಾದದ್ದು ನನ್ನ ಅಂಗಡಿಯ ಹಳೆಯ ನಂಬರಿಗೆ. ಆ ಸಿಮ್ ಬಿಟ್ಟು ಮೂರು ವರ್ಷವಾಗಿತ್ತು, ಅದು ಈಗ ಯಾರ ಕೈಯಲ್ಲಿದೆಯೋ ದೇವರೇ ಬಲ್ಲ. ಇನ್ನೊಂದೇ ದಾರಿ ಉಳಿದಿತ್ತು. ಮೊಟ್ಟಮೊದಲು ಖಾತೆ ತೆರೆದ ಫೋನಿನಿಂದ, ಹಳೆಯ ಪಾಸ್‌ವರ್ಡ್ ಹಾಕಿ, ಗುರುತಿನ ಚೀಟಿ ತೋರಿಸಿ ಕಂಪನಿಗೆ ದೂರು ಕೊಡುವುದು. ಹಳೆಯ ಪಾಸ್‌ವರ್ಡ್ ನನ್ನ ಕೆಂಪು ನೋಟ್‌ಬುಕ್ಕಿನಲ್ಲಿತ್ತು. ಹಳೆಯ ಫೋನ್ ಬೀರಪ್ಪನ ಹಟ್ಟಿಯಲ್ಲಿ ರಾಗಿ ಚೀಲಗಳ ಹಿಂದೆ ಬಿದ್ದಿತ್ತು. ಭಾನುವಾರ ಅದನ್ನು ತಂದರು. ಚಾರ್ಜಿಂಗ್ ಪಿನ್ನಿನ ಜಾಗ ತುಕ್ಕು ಹಿಡಿದು ಹೋಗಿತ್ತು, ಬ್ಯಾಟರಿ ಉಬ್ಬಿತ್ತು.

ಜಬೀನಾ ನೋಡಿ, "ಫೋನಿನ ಒಳಗಿನ ಬೋರ್ಡಿನ ಕೆಲಸ ನಂಗೆ ಬರಲ್ಲ" ಎಂದು ಅದನ್ನು ನನ್ನ ಮುಂದೆ ಸರಿಸಿದಳು. ನಾಲ್ಕು ಗಂಟೆ ಹಿಡಿಯಿತು. ಬೇರೆ ಬ್ಯಾಟರಿ ಹಾಕಿ, ಪಿನ್ ತೆಗೆದು ಬೇರೆ ಬೆಸೆದು, ಬೋರ್ಡಿನಲ್ಲಿ ಕರೆಂಟು ಹರಿಯುವ ದಾರಿ ಎರಡು ಕಡೆ ಸುಟ್ಟಿದ್ದಲ್ಲಿ ಕೂದಲೆಳೆಯಂಥ ತಂತಿ ಎಳೆದೆ. ಫೋನಿಗೆ ಜೀವ ಬಂತು. ಅವಳು ಅದರಿಂದ ದೂರು ಕಳಿಸಿದಳು. ಉತ್ತರಕ್ಕೆ ಎರಡು ದಿನ ಕಾಯಬೇಕು ಎಂದಿತು. ಬೀರಪ್ಪ ಅವಳತ್ತ ತಿರುಗಿ, "ಕೆಡ್ಸಿದಾಕಿ ನೀನೇ, ಸರಿ ಮಾಡೋದೂ ನೀನೇ" ಅಂದರು. ನನಗೆ ಮಾತ್ರ, "ರುದ್ರೇಶಣ್ಣ ಇದ್ದಿದ್ದಕ್ಕೆ ಉಳೀತು" ಅಂದರು. ಜಬೀನಾ ನನ್ನ ಮುಖ ನೋಡಿದಳು. ನಾನು ಸಾಲ್ಡರಿಂಗ್ ಕಡ್ಡಿ ಒರೆಸುತ್ತ ತಲೆ ಬಗ್ಗಿಸಿದೆ.

ಸೋಮವಾರ ಅವಳ ಅಂಗಡಿ ಮುಂದೆ ಒಂದು ಬೈಕೂ ಇರಲಿಲ್ಲ. ಎಣಿಸಲು ಏನೂ ಇಲ್ಲದೆ ಕುಳಿತಿದ್ದೆ. ವಿಚಿತ್ರವೆಂದರೆ ಅವಳನ್ನು ಬಿಟ್ಟ ಗಿರಾಕಿಗಳು ನನ್ನಲ್ಲಿಗೂ ಬರಲಿಲ್ಲ. ಊಟಕ್ಕೆ ಹೋದಾಗ ಸರ್ವಮಂಗಳ ಮುದ್ದೆ ಬಡಿಸುತ್ತ, "ಆ ಹುಡ್ಗಿ ಅಂಗ್ಡಿ ಖಾಲಿ ಆಯ್ತಂತಲ್ಲ. ಈಗ ಊಟ ಸೇರ್ತೈತಾ ನಿಮಗೆ?" ಅಂದಳು. ಅವಳಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಂಗಳವಾರ ಹನ್ನೊಂದು ಗಂಟೆಗೆ ಪೇಜು ವಾಪಸು ಬಂತು. ಜಬೀನಾ ಜೂಜಾಟದ ಪೋಸ್ಟುಗಳನ್ನೆಲ್ಲ ಅಳಿಸಿ, ಹೊಸ ಪಾಸ್‌ವರ್ಡನ್ನು ಬೀರಪ್ಪನ ಕೈಯಿಂದಲೇ ಒತ್ತಿಸಿದಳು. ಮಾರನೆಯ ದಿನವೇ ತೋಟ ಬಿಡಬೇಕಿತ್ತು. ಹಾಗಾಗಿ ಬೀರಪ್ಪ ತಡಮಾಡದೆ ರಸ್ತೆಗಿಳಿದು ಫೋನ್ ಎತ್ತಿ ಹಿಡಿದು ಲೈವ್ ಶುರು ಮಾಡಿದರು. ಲೈವ್ ಎಂದರೆ ಆಡಿದ ಮಾತು ಆಡಿದ ಕ್ಷಣವೇ ನೋಡುವವರಿಗೆಲ್ಲ ತಲುಪುವ ವಿಡಿಯೊ. ನಾನು ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ನಮಸ್ಕಾರ ಯಜಮಾನ್ರೇ, ಬೀರಪ್ಪ. ಪೇಜು ಕೆಟ್ಟಿತ್ತು, ಈಗ ಬಂದೈತೆ. ನಾಳೆ ಮಂದೆ ಎಬ್ಬುಸ್ಬೇಕು, ಯಾರಿಗಾದ್ರೂ ಬೇಕಿದ್ರೆ ಹೇಳ್ರಿ. ಇನ್ನೊಂದು ಮಾತು. ಫೋನು ಯಾರ ಕೈಗೂ ಕೊಡಬ್ಯಾಡ್ರಿ. ಹೊಸದುರ್ಗದಾಗೆ ಬಸ್ ಸ್ಟ್ಯಾಂಡ್ ಹಿಂದೆ ಒಬ್ಳು ಹೆಣ್ಮಗಳು ಅಂಗಡಿ ಮಡಗ್ಯಾಳೆ, ಅವಳ ಹೆಸ್ರು..."

ಅವಳ ಬಾಗಿಲ ಪರದೆಯ ಹಿಂದೆ ಜಬೀನಾ ನಿಂತಿದ್ದಳು. ಹೊರಗೆ ಬರಲಿಲ್ಲ. ನಾನು ಹೇಗೆ ರಸ್ತೆ ದಾಟಿದೆನೋ ಗೊತ್ತಿಲ್ಲ. ಆಟೊದವನೊಬ್ಬ, "ಲೇ, ಕಣ್ಣು ಕಾಣಲ್ವೇನಲೇ" ಎಂದದ್ದು ಕೇಳಿಸಿತು. ಬೀರಪ್ಪನ ಕೈಹಿಡಿದು ಫೋನನ್ನು ನನ್ನ ಕಡೆ ತಿರುಗಿಸಿದೆ.

"ಅವಳಲ್ಲ. ನಾನು. ರುದ್ರೇಶ, ಎದುರಂಗಡಿಯವನು. ಅವಳ ಅಂಗಡೀಗೆ ಜನ ಹೋಗ್ತಾರೆ ಅಂತ ಹೊಟ್ಟೆಕಿಚ್ಚಿಗೆ ಎಂಥದೋ ಕಳ್ಳ ಆ್ಯಪು ಹಾಕ್ದೆ. ಪೇಜು ಅದರಿಂದ ಹೋತು. ತಪ್ಪು ಅವಳ ಮ್ಯಾಲೆ ಹಾಕ್ದೆ. ವಾಪಸ್ ತಂದಾಕಿ ಅವಳು."

ವಿಡಿಯೊದ ಕೆಳಗೆ ಕಾಮೆಂಟುಗಳು ಒಂದರ ಮೇಲೊಂದು ಏರಿ ಬಂದವು. ನಗುವ ಮುಖಗಳು, ಉಗಿತ, "ಮಾನ ಹೋತಲ್ಲಪ್ಪ ರುದ್ರೇಶಣ್ಣ". ನನಗೆ ಪರಿಚಯದ ಹೆಸರುಗಳೇ ಎಷ್ಟೋ ಇದ್ದವು. ಅವುಗಳ ನಡುವೆ ಹಿರಿಯೂರು ಕಡೆಯವರೊಬ್ಬರು ಬರೆದಿದ್ದರು: "ಬೀರಪ್ಪ, ಜಗಳ ಆಮೇಲೆ. ಇನ್ನೂರು ತೆಂಗಿನ ಮರ ಐತೆ, ಬೋರಿನಾಗೆ ನೀರೈತೆ. ನಾಳೇನೇ ಮಂದೆ ಹೊಡ್ಕೊಂಡು ಬಾ."

ಬೀರಪ್ಪ ಅದನ್ನು ಎರಡು ಸಲ ಜೋರಾಗಿ ಓದಿದರು. ಆಮೇಲೆ ಫೋನ್ ಜೇಬಿಗಿಟ್ಟು ಜಬೀನಾಳ ಬಾಗಿಲಿಗೆ ಹೋಗಿ, "ತಾಯಿ, ಜನದ ಮುಂದೆ ಬೈದೆ, ಜನದ ಮುಂದೇನೇ ತಪ್ಪಾತು ಅಂತೀನಿ" ಎಂದು ಕೈ ಮುಗಿದರು. ನನ್ನ ಕಡೆ ತಿರುಗಿ, "ನಿಮಗೆ ಏನನ್ಬೇಕೋ ನಂಗೆ ತಿಳೀತಿಲ್ಲ ರುದ್ರೇಶಣ್ಣ" ಎಂದವರೇ ಬಸ್ಸಿಗೆ ಹೊರಟರು. ಬೈದಿದ್ದರೆ ಹಗುರವಾಗುತ್ತಿತ್ತು. ಜಬೀನಾ ಪರದೆ ಸರಿಸಿ, "ಮಾಮ, ನೀರು ಕುಡೀರಿ, ಮುಖ ಎಲ್ಲಾ ಬೆವರ್ತೈತೆ" ಅಂದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಕುಡಿದೆ.

ಮರುದಿನದಿಂದ ಕೆಂಪು ನೋಟ್‌ಬುಕ್ ತೆಗೆದು ಕುಳಿತೆ. ಬದುಕಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿ, "ನಿಮ್ಮ ಪಾಸ್‌ವರ್ಡು ನನ್ನತ್ರ ಐತೆ, ಇರಬಾರ್ದು, ಬಂದು ಇಸ್ಕೊಂಡು ಹೋಗ್ರಿ, ಬದಲಾಯಿಸ್ಕಳ್ರಿ" ಅಂದೆ. ಬಂದವರಿಗೆ ಅವರವರ ಹಾಳೆ ಹರಿದು ಅವರವರ ಕೈಗೆ ಕೊಟ್ಟೆ. ನೋಟ್‌ಬುಕ್ ಖಾಲಿಯಾಗಲು ಎರಡು ತಿಂಗಳು ಹಿಡಿಯಿತು.

ಮೂವತ್ತು ವರ್ಷದ ಕಸುಬು ಕಲಿಸದ ಪಾಠ ಆ ಒಂದು ವಾರದಲ್ಲಿ ಸಿಕ್ಕಿತು: ಗಿರಾಕಿಯ ಬೀಗದ ಕೈ ಗಿರಾಕಿಯಲ್ಲೇ ಇರಬೇಕು, ಗೊತ್ತಿಲ್ಲದ್ದನ್ನು ಗೊತ್ತಿರುವವರನ್ನು ಕೇಳಬೇಕು, ಅವರು ಎದುರಂಗಡಿಯವರಾದರೂ ಸರಿ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ಸುಳ್ಳು ಹೇಳಲಾರೆ. ಹಾಳೆ ತೆಗೆದುಕೊಂಡವರು ಪಾಸ್‌ವರ್ಡ್ ಬದಲಾಯಿಸಿಕೊಳ್ಳಲು ನೇರ ರಸ್ತೆ ದಾಟಿ ಜಬೀನಾಳ ಅಂಗಡಿಗೆ ಹೋಗುತ್ತಿದ್ದರು. ಕೊನೆಯ ದಿನ ಅಲ್ಲಿ ಹದಿನೇಳು ಬೈಕುಗಳಿದ್ದವು.